ಅಸೂಟಿ ಬಾವಿಯ ಪಾರಿವಾಳಗಳು

ರೋಣದ ಮದರಬಿ ಕೋಳಿ ಮಾರುವಾಗ ತಕ್ಕಡಿ ಹಿಡಿದವಳಲ್ಲ. ಹಕ್ಕಿಯನ್ನು ಎಡಗೈಯಲ್ಲಿ ಕೂರಿಸಿಕೊಂಡು, ಬಲಗೈಯ ಎರಡು ಬೆರಳಿನಿಂದ ಎದೆಯ ಮೂಳೆ ಸವರಿದರೆ ಮುಗಿಯಿತು. ತೂಕ ಎಷ್ಟು, ವಯಸ್ಸು ಎಷ್ಟು, ಹೊಟ್ಟೆಯಲ್ಲಿ ಬೇನೆ ಇದೆಯೋ ಇಲ್ಲವೋ ಎಲ್ಲ ಹೇಳುತ್ತಿದ್ದಳು. ಅತ್ತೆ ಖಾತುನಬಿ ಕಲಿಸಿದ ವಿದ್ಯೆ ಅದು. ಅತ್ತೆ ಹೋದಳು, ಹಿಂದೆಯೇ ಗಂಡನೂ ಹೋದ. ಐವತ್ತೆಂಟರ ಮದರಬಿ ಮಾತ್ರ ಇವತ್ತಿಗೂ ಮೂರು ಬುಟ್ಟಿ ಕಟ್ಟಿಕೊಂಡು ರೋಣ, ನರಗುಂದ, ಗಜೇಂದ್ರಗಡ ಎಂದು ವಾರಕ್ಕೆ ಮೂರು ಸಂತೆ ತಿರುಗುತ್ತಿದ್ದಳು. ಮನೆಯಲ್ಲಿ ಮಗಳು ಸೈರಾಬಾನು ಹೊಲಿಗೆ ಮಷಿನ್ ತುಳಿಯುತ್ತಿದ್ದಳು.

ಈಚಿನ ವರ್ಷಗಳಲ್ಲಿ ಅವಳ ಬೆರಳಿಗೆ ಕೆಲಸ ಕಡಿಮೆಯಾಗಿತ್ತು. ಬಸ್ ಸ್ಟ್ಯಾಂಡಿನ ಎದುರಿಗೆ ಸಾಲಾಗಿ ಬ್ರಾಯ್ಲರ್ ಅಂಗಡಿಗಳು ಬಂದಿದ್ದವು. ಅಲ್ಲಿ ಕೆಂಪು ಅಂಕಿ ಬೀಳುವ ಕಾಟಾ ಇತ್ತು. ಮುದುಕಿಯ ಮಾತು ಯಾರಿಗೆ ಬೇಕು? ಬೀಗರು ಬಂದಾಗ ಜವಾರಿ ಹುಂಜ ಹುಡುಕುವವರು, ಲಕ್ವಾ ಹೊಡೆದು ಕೈಕಾಲು ಬಿದ್ದವರಿಗೆ ಹಚ್ಚಲು ಪಾರಿವಾಳದ ರಕ್ತ ಬೇಕೆನ್ನುವವರು, ಇಷ್ಟೇ ಅವಳ ಗಿರಾಕಿಗಳು. ಸಂತೆ ಮುಗಿಸಿ ತುಂಬಿದ ಬುಟ್ಟಿಯನ್ನೇ ಹೊತ್ತು ಮನೆಗೆ ಬಂದ ದಿನಗಳೂ ಇದ್ದವು.

ಕೊಟ್ರೇಶ ಬಂದದ್ದು ಅಂಥ ಒಂದು ದಿನ, ಗಜೇಂದ್ರಗಡದ ಸಂತೆಗೆ. ನಲವತ್ತರ ಆಸುಪಾಸಿನ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮುಶಿಗೇರಿ ದಾರಿಯಲ್ಲಿ ಜಲ್ಲಿ ಕ್ರಷರ್ ಇಟ್ಟವನು ಎಂದು ಪಕ್ಕದಲ್ಲಿ ಉಳ್ಳಾಗಡ್ಡಿ ಮಾರುವವಳು ಪಿಸುಗುಟ್ಟಿದಳು. ಅವನು ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

"ದೊಡ್ಡವ್ವಾರ, ಪಾರಿವಾಳ ಎಷ್ಟ್ ಸಿಗ್ತಾವ್ರಿ?"

"ಯಾರಿಗೆ ಲಕ್ವಾ ಹೊಡದೈತ್ರಿ?"

ಅವನು ನಕ್ಕ. "ಯಾರಿಗೂ ಇಲ್ಲ. ನೂರು ಬೇಕಾಗ್ಯಾವು. ಒಂದು ಆಟ ಐತಿ."

"ಹಾರಸೋ ಆಟ ಅಂದ್ರ ಸಾಕಿದ ಹಕ್ಕಿ ಬೇಕ್ರಿ ಸಾವ್ಕಾರ್ರ. ಮನಿಗೆ ಹೊಳ್ಳಿ ಬರೋ ಅಂಥವು."

"ಹೊಳ್ಳಿ ಬರೋದು ಬ್ಯಾಡ್ರಿ," ಎಂದ ಕೊಟ್ರೇಶ.

ಬಂದೂಕಿನ ಆಟ ಎಂದು ಆಮೇಲೆ ಬಿಡಿಸಿ ಹೇಳಿದ. ಡಬ್ಬಿಯೊಳಗೆ ಹಕ್ಕಿ ಇಡುವುದು, ಹಗ್ಗ ಎಳೆದಾಗ ಡಬ್ಬಿ ತೆರೆಯುವುದು, ಹಕ್ಕಿ ಮೇಲೆ ಏಳುವಾಗ ಹೊಡೆಯುವುದು. ಹೋದ ತಿಂಗಳು ಪಟ್ಟಣದಿಂದ ಬಿಳಿ ಪಾರಿವಾಳ ತರಿಸಿದ್ದನಂತೆ. ಡಬ್ಬಿ ತೆರೆದರೆ ಅವು ಹಾರಲೇ ಇಲ್ಲವಂತೆ. ಕೆಳಗಿಳಿದು ನೆಲ ಕುಕ್ಕುತ್ತ ನಿಂತವಂತೆ. ಬಂದ ಅತಿಥಿಗಳು ಹೊಟ್ಟೆ ಹಿಡಿದು ನಕ್ಕರಂತೆ. ಆ ನಗೆಯನ್ನು ಹೇಳುವಾಗ ಅವನ ಮುಖ ಕಪ್ಪಿಟ್ಟಿತು.

ಬ್ಯಾಡ ಎನ್ನುವ ಮಾತು ಮದರಬಿಯ ನಾಲಿಗೆಯ ತುದಿಗೆ ಬಂದಿತ್ತು. ಅದರ ಬದಲು ಬೇರೆ ಮಾತು ಹೊರಬಿತ್ತು. "ಬಿಳಿ ಹಕ್ಕಿ ಉಂಡು ಕೂತವು. ನಿಮಗ ಬಾವಿ ಹಕ್ಕಿ ಬೇಕು. ಕೆಳಗ ಕೂತು ಗುಂಡಗಿನ ಆಕಾಶ ಒಂದ ನೋಡಿ ಬೆಳದದ್ದು ಅದು. ಬಿಟ್ಟ ಕೂಡ್ಲೆ ನೆಟ್ಟಗ ಮ್ಯಾಲೇಳ್ತದ."

ಕೊಟ್ರೇಶ ಅವಳನ್ನು ಹೊಸದಾಗಿ ನೋಡುವಂತೆ ನೋಡಿದ. "ಇದನ್ನ ಹೇಳೋರು ಇಷ್ಟ್ ದಿನ ನನಗ ಸಿಕ್ಕಿರ್ಲಿಲ್ಲ ನೋಡ್ರಿ," ಎಂದ. ಎಷ್ಟೋ ವರ್ಷಗಳಾಗಿದ್ದವು, ಅವಳ ವಿದ್ಯೆಯನ್ನು ಯಾರೂ ಹೀಗೆ ಕೇಳಿಸಿಕೊಂಡಿರಲಿಲ್ಲ.

ಆ ಸೀಮೆಯ ಹೊಲಗಳಲ್ಲಿ ಹಳೆಯ ಕಲ್ಲುಬಾವಿಗಳಿಗೆ ಬರವಿಲ್ಲ. ಬೋರ್‌ವೆಲ್ ಬಂದ ಮೇಲೆ ಅವು ಹಾಳುಬಿದ್ದವು. ಗೋಡೆಯ ಪೊಟರೆಗಳಲ್ಲಿ ಪಾರಿವಾಳ ಸಂಸಾರ ಹೂಡಿದವು. ಇಟಗಿಯ ಮಾಳಪ್ಪ ಮೊದಲು ಬಾವಿ ಹೂಳು ತೆಗೆಯುತ್ತಿದ್ದವನು, ಯಾವ ಬಾವಿಯಲ್ಲಿ ಏನಿದೆ ಎಂಬುದು ಅವನಿಗೆ ಬಾಯಿಪಾಠ. ಹಕ್ಕಿಗಳೆಲ್ಲ ಗೂಡು ಸೇರುವ ಸಂಜೆ ಹೊತ್ತಿಗೆ ಬಾವಿಯ ಬಾಯಿಗೆ ಬಲೆ ಹರವಿ ತಗಡು ಬಡಿಯುತ್ತಿದ್ದ. ಕೆಳಗಿನಿಂದ ಗಾಳಿಯೇ ಎದ್ದು ಬಂದಂತೆ ಹಕ್ಕಿಗಳು ಬಂದು ಬಲೆಗೆ ಬಡಿಯುತ್ತಿದ್ದವು. ಮದರಬಿ ಅವನು ತಂದದ್ದನ್ನು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆರಿಸುತ್ತಿದ್ದಳು. ಕೊಕ್ಕು ಇನ್ನೂ ಮೆತ್ತಗಿದ್ದರೆ ಬೇಡ. ರೆಕ್ಕೆಯಲ್ಲಿ ಹೊಸ ಗರಿ ಮೂಡುತ್ತಿದ್ದರೆ ಬೇಡ. ಹಿಡಿದಾಗ ಸುಮ್ಮನೆ ಕೂರುವುದೂ ಬೇಡ. ಕೈಯೊಳಗೆ ಎದೆ ಧಡಧಡ ಎನ್ನಬೇಕು. ಮೂರರಲ್ಲಿ ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡುತ್ತಿದ್ದಳು.

ಮೊದಲ ಆಟಕ್ಕೆ ಬುಟ್ಟಿಯ ಜೊತೆ ತಾನೂ ಹೋದಳು. ಕ್ರಷರಿನ ಹಿಂದೆ ಕಡಲೆ ಕಿತ್ತ ಬೋಳು ಎರೆಹೊಲ. ಸಾಲಾಗಿ ಐದು ತಗಡಿನ ಡಬ್ಬಿ, ಅವುಗಳ ಸುತ್ತ ಸುಣ್ಣದಲ್ಲಿ ಎಳೆದ ಅರ್ಧ ವರ್ತುಲ. ಹಕ್ಕಿ ಗೆರೆಯೊಳಗೆ ಬಿದ್ದರೆ ಲೆಕ್ಕಕ್ಕುಂಟು, ಹೊರಗೆ ಬಿದ್ದರೆ ಇಲ್ಲ. ಬಂದವರೆಲ್ಲರ ಮೊಬೈಲನ್ನು ಒಂದು ನೀಲಿ ಬಕೆಟ್ಟಿನಲ್ಲಿ ಹಾಕಿಸಿಕೊಂಡರು. "ಇದು ಕಾಯ್ದೆ ಒಪ್ಪೋ ಆಟ ಅಲ್ರಿ, ಅದಕ್ಕ," ಎಂದ ಕೊಟ್ರೇಶ, ಊಟಕ್ಕೆ ಉಪ್ಪು ಕಡಿಮೆ ಎನ್ನುವಷ್ಟು ಸಲೀಸಾಗಿ. ಬಂದೂಕುಗಳಲ್ಲಿ ಹೆಚ್ಚಿನವು ಹಂದಿಯಿಂದ ಬೆಳೆ ಕಾಯಲು ಲೈಸೆನ್ಸ್ ಪಡೆದಂಥವು.

ಮೊದಲ ಡಬ್ಬಿ ತೆರೆಯಿತು. ಅವಳು ಹೇಳಿದ ಹಾಗೆಯೇ ಹಕ್ಕಿ ನೆಟ್ಟಗೆ ಎದ್ದಿತು. ಸದ್ದು ಕೇಳಿಸುವುದರೊಳಗೆ ಗಾಳಿಯಲ್ಲೇ ಮುದುಡಿ, ಒದ್ದೆ ಅರಿವೆ ಬಿದ್ದಂತೆ ಗೆರೆಯೊಳಗೆ ಬಿತ್ತು. ಎರಡನೆಯದು ತಪ್ಪಿಸಿಕೊಂಡು ಗುಡ್ಡದ ಕಡೆ ಹೋಯಿತು. ಜನ ಹೋ ಎಂದರು. "ಯಾರದಪಾ ಈ ಮಾಲು?" ಎಂದು ಯಾರೋ ಕೇಳಿದರೆ, "ನಮ್ಮ ದೊಡ್ಡವ್ವಂದು," ಎಂದ ಕೊಟ್ರೇಶ. ಹತ್ತಿಪ್ಪತ್ತು ಮಂದಿ ತಿರುಗಿ ಅವಳತ್ತ ನೋಡಿದರು. ಮದರಬಿ ಸೆರಗು ಸರಿಮಾಡಿಕೊಂಡಳು. ಒಳಗೆ ಒಂದು ಹಿಗ್ಗು ಎದ್ದದ್ದು ಅವಳಿಗೇ ತಿಳಿಯಿತು, ತಿಳಿದು ಮೈ ಜುಂ ಎಂದಿತು.

ಸಾಯದೆ ಬಿದ್ದವುಗಳ ಕುತ್ತಿಗೆ ತಿರುವಿ ಗೋಣಿಚೀಲಕ್ಕೆ ತುಂಬಿ, ಕಲ್ಲು ತೆಗೆದ ಹಳೆಯ ಗುಂಡಿಗೆ ಸುರಿದರು. ಅವತ್ತಿನಿಂದ ಆ ಗುಂಡಿಯ ಮೇಲೆ ಹದ್ದು ಸುತ್ತುವುದು ಶುರುವಾಯಿತು. ಎರಡು ಊರಿನಾಚೆಗೂ ಅವು ಕಾಣುತ್ತಿದ್ದವು.

ಮನೆಗೆ ಬಂದಾಗ ಸೈರಾಬಾನು ಕೇಳಿದಳು: "ಅಮ್ಮಾ, ಅಷ್ಟು ಹಕ್ಕಿ ಏನ್ ಮಾಡಿದ್ರು?"

"ಹಾರಿಸಿದ್ರು," ಎಂದಳು ಮದರಬಿ.

ಎರಡನೆಯ ಆಟವೂ ಆಯಿತು, ಮೂರನೆಯದೂ ಆಯಿತು. ಸಂತೆಯಲ್ಲಿ ಕೂತಾಗ ಗುರುತಿಲ್ಲದ ಜನ ಬಂದು ನಮಸ್ಕಾರ ಹೇಳಿ ಹೋಗುತ್ತಿದ್ದರು. ಹುಂಜ ಕೊಳ್ಳುವವರೂ ಈಗ ಅವಳ ಬೆರಳನ್ನು ನಂಬುವವರಂತೆ ನಿಂತು ಕೇಳುತ್ತಿದ್ದರು. ಆದರೆ ಮಾಳಪ್ಪ ತರುವ ಹಕ್ಕಿ ಪ್ರತಿ ಸಲ ಕಡಿಮೆಯಾಗುತ್ತಿತ್ತು. ಮೂರರಲ್ಲಿ ಒಂದು ಆರಿಸುವುದು ಹೋಗಿ, ತಂದದ್ದನ್ನೆಲ್ಲ ಇಟ್ಟುಕೊಳ್ಳುವ ಹಾಗಾಯಿತು. ಮಾಘ ಮಾಸದ ಒಂದು ಮುಂಜಾನೆ ಅವನು ಖಾಲಿ ಬಲೆ ಹೆಗಲಿಗೆ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಕೂತ.

"ಅಕ್ಕಾ, ಹತ್ತು ಬಾವಿ ತಿರುಗಿ ಬಂದೆ. ತಗಡು ಬಡದ್ರ ನನ್ನ ಸಪ್ಪಳಾನ ನನಗ ಹೊಳ್ಳಿ ಬರಾಕತ್ತೈತಿ. ಹೆದರಿಕಿ ಬಂತು ನನಗ."

"ನಿನಗೇನ ಹೆದರಿಕಿ? ಬಾವ್ಯಾಗ ಇಳಿಯೋ ಮನಶ್ಯಾ."

"ಹಕ್ಕಿ ಇದ್ದ ಬಾವಿಗೆ ಇಳಿಯೋದು ಬ್ಯಾರೆ ಅಕ್ಕಾ," ಎಂದ ಅವನು. ಖಾಲಿ ಬಲೆಯನ್ನು ಮಡಚಿ ಪಕ್ಕಕ್ಕಿಟ್ಟ.

ಹಕ್ಕಿ ಮುಗಿದವು ಎಂದು ಮದರಬಿ ಕೊಟ್ರೇಶನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಕ್ರಷರಿನ ಗರಗರ ಸದ್ದಿನ ನಡುವೆ ಅವನ ದನಿ ಬಂತು.

"ದೊಡ್ಡವ್ವ, ಮುಂದಿನ ಐತವಾರ ಹೊರಗಿನ ರಾಜ್ಯದವರು ಬರಾಕತ್ಯಾರ. ನೀ ಒಪ್ಪಕೊಂಡೀದಿ." ಮೊದಲಿನ 'ರಿ' ಈಗ ಇರಲಿಲ್ಲ. "ಹಕ್ಕಿ ಇಲ್ಲಂದ್ರ ಬಂದವ್ರು ಏನರ ಹೊಡೀಬೇಕಲ್ಲ?" ಎಂದು ನಕ್ಕ. ಅವಳು ಫೋನ್ ಇಟ್ಟ ಮೇಲೂ ಆ ನಗೆ ಕಿವಿಯಲ್ಲಿ ಉಳಿಯಿತು.

ಉಳಿದದ್ದು ಒಂದೇ ಬಾವಿ. ಅಸೂಟಿಯ ಅಜ್ಜಪ್ಪನದು. ಎಪ್ಪತ್ತು ದಾಟಿದ ರೈತ. ಮಾಳಪ್ಪ ಹಿಂದೊಮ್ಮೆ ಕೇಳಲು ಹೋದಾಗ, "ನಮ್ಮಪ್ಪ ಇದ್ದಾಗಿಂದ ಅದಾವಪಾ. ಅವನ್ನ ಮುಟ್ಟಬ್ಯಾಡ್ರಿ," ಎಂದು ಚಹಾ ಕುಡಿಸಿ ಕಳಿಸಿದ್ದ. ಆ ಅಜ್ಜಪ್ಪ, ಅವನ ಹೆಂಡತಿ ಶೇಖವ್ವ ಇಬ್ಬರೂ ಬುಧವಾರ ಇಟಗಿ ಭೀಮಾಂಬಿಕೆಯ ಗುಡಿಗೆ ಹೋಗುತ್ತಾರೆ, ಮರುದಿನವೇ ಬರುವುದು ಎಂಬ ಸುದ್ದಿ ಮಾಳಪ್ಪನೇ ತಂದ. ತಂದವನ ಮುಖದಲ್ಲಿ ಗೆಲುವಿರಲಿಲ್ಲ.

ಬುಧವಾರ ಸಂಜೆ ಮದರಬಿಯೂ ಅವನ ಜೊತೆಗೆ ಹೋದಳು. ಅಷ್ಟು ದಿನ ಹಕ್ಕಿ ತರಿಸಿಕೊಂಡಿದ್ದಳೇ ಹೊರತು ಬಾವಿಯ ದಂಡೆಗೆ ಬಂದದ್ದು ಅದೇ ಮೊದಲು. ಬಿಳಿಜೋಳದ ಕಣಿಕೆ ನಿಂತ ಹೊಲ, ನಡುವೆ ಕರಿಕಲ್ಲಿನ ಬಾವಿ. ಬಗ್ಗಿ ನೋಡಿದರೆ ಕೆಳಗೆಲ್ಲ ಗುಟುರು ಗುಟುರು ಸದ್ದು, ತುಂಬಿದ ಮನೆಯ ಮಾತಿನ ಹಾಗೆ. ಆ ಸದ್ದಿನ ನಡುವೆ ಸಣ್ಣಗೆ ಚೀಂ ಚೀಂ ಎನ್ನುವುದೂ ಇತ್ತು.

ಮಾಳಪ್ಪ ಬಲೆಯ ಗಂಟು ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ. "ಅಕ್ಕಾ, ಮರಿ ಅದಾವು."

ಅವಳಿಗೆ ಅವನಿಗಿಂತ ಮೊದಲೇ ಗೊತ್ತಾಗಿತ್ತು. ರೆಕ್ಕೆ ಬಾರದ ಮರಿ. ಇನ್ನೂ ಹತ್ತು ಹನ್ನೆರಡು ದಿನ ತಾಯಿಯ ಗಂಟಲಿನಿಂದಲೇ ಉಣ್ಣಬೇಕಾದವು. ವಾಪಸ್ ಹೋಗೋಣ ಎಂದಿದ್ದರೆ ಮಾಳಪ್ಪ ಆ ಕ್ಷಣಕ್ಕೇ ಬಲೆ ಸುತ್ತಿಬಿಡುತ್ತಿದ್ದ. ಅವನು ಅದಕ್ಕೇ ಕಾಯುತ್ತಿದ್ದ.

"ಮರಿ ಇದ್ದ ಹಕ್ಕಿ ಭಾಳ ಗಟ್ಟಿ ಇರ್ತಾವು," ಎಂದಳು ಮದರಬಿ. "ಬಡಿ."

ಮುಂದೆ ಎಷ್ಟೋ ಸಲ ಆ ಮಾತನ್ನು ತನ್ನ ಬಾಯಿಯೇ ಆಡಿತೇ ಎಂದು ಯೋಚಿಸಿದಳು. ಆಡಿತ್ತು. ಅವತ್ತು ಅವರು ಹಿಡಿದ ಹಕ್ಕಿ ಆರು ಬುಟ್ಟಿ ತುಂಬಿದವು.

ಶನಿವಾರ ಅಜ್ಜಪ್ಪ ಅವಳನ್ನು ಹುಡುಕಿಕೊಂಡು ರೋಣಕ್ಕೆ ಬಂದ. ಬಲೆ ಹೊತ್ತ ಮಾಳಪ್ಪನನ್ನು, ಜೊತೆಗಿದ್ದ ಹೆಂಗಸನ್ನು ಪಕ್ಕದ ಹೊಲದವರು ನೋಡಿದ್ದರು. ಬೈಗುಳ ಬರುತ್ತದೆ ಎಂದು ಮದರಬಿ ಎದ್ದು ನಿಂತಳು. ಅವನು ಬೈಯಲಿಲ್ಲ. ಹೆಗಲ ಮೇಲಿನ ಟವೆಲ್ಲು ಇಳಿಸಿ ಕಟ್ಟೆಯ ಮೇಲೆ ಬಿಚ್ಚಿದ. ಒಳಗೆ ಹಳದಿ ತುಪ್ಪಳದ, ಕಣ್ಣು ಮುಚ್ಚಿದ ಮರಿಗಳು. ಒಣಗಿ ಹಗುರಾಗಿದ್ದವು.

"ಎರಡ ದಿನ ಒದರಿದ್ವು ತಂಗಿ. ನನ್ನ ಮೊಣಕಾಲು ಬಾವ್ಯಾಗ ಇಳಿಯಾಕ ಬರೂದಿಲ್ಲ. ಮಂದೀನ್ನ ಕರಕೊಂಡು ಬರೋದ್ರಾಗ ಸುಮ್ಮನಾಗಿದ್ವು," ಎಂದ. "ಇವುಗಳ ತಾಯಿ ಎಲ್ಲಿ ಅದಾವು?"

ಆ ತಾಯಂದಿರು ಅವನಿಂದ ಹತ್ತು ಹೆಜ್ಜೆ ಆಚೆ, ಗೋಡೆಯ ಹಿಂದಿನ ಶೆಡ್ಡಿನಲ್ಲಿದ್ದವು. ಮದರಬಿ ಅದನ್ನು ಹೇಳಲಿಲ್ಲ. ಸುಳ್ಳನ್ನೂ ಹೇಳಲು ಆಗಲಿಲ್ಲ. "ನಾಳೆ ಐತವಾರ ಮುಶಿಗೇರಿ ಕಡೆ ಒಯ್ತಾರ್ರಿ ಅಣ್ಣಾರ. ಕ್ರಷರ್ ಹಿಂದ," ಎಂದಳು. ಅವನು ತಲೆಯಾಡಿಸಿ, ಟವೆಲ್ಲು ಮತ್ತೆ ಕಟ್ಟಿಕೊಂಡು ಹೋದ. ಅವಳು ಶೆಡ್ಡಿಗೆ ಹೋಗಿ ಅಗುಳಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ತೆಗೆಯುವ ಧೈರ್ಯ ಬರಲಿಲ್ಲ. 'ಬಂದವ್ರು ಏನರ ಹೊಡೀಬೇಕಲ್ಲ' ಎಂಬ ಮಾತೇ ತಲೆಯಲ್ಲಿ ಸುತ್ತುತ್ತಿತ್ತು.

ಭಾನುವಾರ ಗಾಳಿ ಇರಲಿಲ್ಲ. ಹತ್ತು ಗಂಟೆಗೇ ಬಿಸಿಲು ಚುರ್ ಎನ್ನುತ್ತಿತ್ತು. ಒಂದು ಡಜನ್ ಕಾರು ಬಂದಿದ್ದವು, ಬಕೆಟ್ಟಿನ ತುಂಬ ಫೋನುಗಳು. ಮದರಬಿ ತಾಡಪಾಲಿನ ನೆರಳಲ್ಲಿ ಬುಟ್ಟಿಗಳ ಜೊತೆ ಕೂತು ಒಂದೊಂದೇ ಹಕ್ಕಿ ತೆಗೆದು ಡಬ್ಬಿ ತುಂಬುವವನ ಕೈಗೆ ಕೊಡುತ್ತಿದ್ದಳು. ಬೆರಳಿಗೆ ಅವುಗಳ ಎದೆ ಬಡಿಯುತ್ತಿತ್ತು. ತಲೆ ಎತ್ತಿ ನೋಡಲಿಲ್ಲ.

"ಏಯ್! ಯಾರಂವಾ?" ಎಂದು ಯಾರೋ ಕೂಗಿದಾಗ ಎತ್ತಿದಳು.

ಬದುವಿನ ಕಡೆಯಿಂದ ಅಜ್ಜಪ್ಪ ಬರುತ್ತಿದ್ದ. ತನ್ನದೇ ಹೊಲಕ್ಕೆ ಬರುವಂತೆ, ಅವಸರವಿಲ್ಲದೆ. ಸುಣ್ಣದ ಗೆರೆ ದಾಟಿದ. ಮೂರನೆಯ ಡಬ್ಬಿಯ ಮುಂದೆ ನಿಂತು, ಮುಚ್ಚಳ ಎತ್ತಲು ಬಗ್ಗಿದ. ಅವನು ಬಗ್ಗುವುದಕ್ಕೂ ಆ ಕಡೆ ಹಗ್ಗ ಎಳೆಯುವವನು ಎಳೆಯುವುದಕ್ಕೂ ಸರಿಹೋಯಿತು. ಹಕ್ಕಿ ಅವನ ಮುಖದ ಪಕ್ಕದಿಂದ ಎದ್ದಿತು. ಕಪ್ಪು ಕನ್ನಡಕದ ಒಬ್ಬ ಅತಿಥಿ ಆಗಲೇ ಬಂದೂಕು ಏರಿಸಿದ್ದ.

ಸದ್ದಾಯಿತು. ಅಜ್ಜಪ್ಪ ಕಳೆ ತೆಗೆಯಲು ಕೂರುವವನ ಹಾಗೆ ಮೆಲ್ಲಗೆ ನೆಲಕ್ಕೆ ಕೂತ.

ಎಲ್ಲರಿಗಿಂತ ಮೊದಲು ಕದಲಿದವನು ಕೊಟ್ರೇಶ. ಅವನು ಅಜ್ಜಪ್ಪನ ಕಡೆ ಹೋಗಲಿಲ್ಲ. ಫೋನಿನ ಬಕೆಟ್ಟನ್ನು ಎತ್ತಿ ತನ್ನ ಕಾರಿನಲ್ಲಿಟ್ಟು ಬಾಗಿಲು ಹಾಕಿದ.

ಮದರಬಿ ಓಡಿದಳು. ಅಜ್ಜಪ್ಪ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು. "ಕಣ್ಣಾಗ ಮಣ್ಣು ಬಿದ್ದೈತಿ ತಂಗಿ. ನೀರಿದ್ರ ತಾ," ಎಂದ.

ಕ್ರಷರಿನ ಜೀಪಿನಲ್ಲಿ ಅವನನ್ನು ಹಾಕಿ ದೂರದ ಯಾವುದೋ ದವಾಖಾನೆಗೆ ಒಯ್ದರು. ಕಾರುಗಳು ಒಂದರ ಹಿಂದೊಂದು ಧೂಳೆಬ್ಬಿಸಿ ಹೋದವು. ಕೊಟ್ರೇಶ ಅವಳ ಹತ್ತಿರ ಬಂದು ಮೆತ್ತಗೆ ಹೇಳಿದ: "ಮುದುಕ ಜಾಲಿ ಕಡಿಯೋ ಮುಂದ ಮುಳ್ಳು ಬಡಕೊಂಡಾನ. ತಿಳೀತಿಲ್ಲೋ ದೊಡ್ಡವ್ವ?"

ಅವನೂ ಹೋದ ಮೇಲೆ ಆ ಬೋಳು ಹೊಲದಲ್ಲಿ ಅವಳೊಬ್ಬಳೇ ಉಳಿದಳು. ಬುಟ್ಟಿಯ ಮುಚ್ಚಳಗಳನ್ನು ಒಂದೊಂದಾಗಿ ತೆಗೆದಳು. ಹಕ್ಕಿಗಳು ಎದ್ದವು, ತಲೆಯ ಮೇಲೆ ಒಂದು ಸುತ್ತು ಹಾಕಿ ಅಸೂಟಿಯ ದಿಕ್ಕು ಹಿಡಿದವು. ಅಲ್ಲಿ ಅವುಗಳಿಗೆ ಏನು ಸಿಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಮಗಳಿಗೆ ಎಲ್ಲವನ್ನೂ ಹೇಳಿದಳು; ಮರಿಗಳ ಮಾತನ್ನೂ ಮುಚ್ಚಿಡಲಿಲ್ಲ. ಸೈರಾಬಾನು ಅಳಲಿಲ್ಲ, ಬುರ್ಖಾ ಹಾಕಿಕೊಂಡು, "ನಡಿ, ಪೊಲೀಸರ ಕಡೆ ಹೋಗೂಣು," ಎಂದಳು.

ಠಾಣೆಯಲ್ಲಿ ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದರು. "ಅಜ್ಜಪ್ಪ ತಾನ ಹೇಳಿ ಬರಸ್ಯಾನ. ಜಾಲಿ ಮುಳ್ಳು ಬಡದು ಕಣ್ಣು ಹೋತು ಅಂತ. ಹೆಬ್ಬಟ್ಟು ಒತ್ತ್ಯಾನ. ನೀ ಯಾವ ಬಂದೂಕಿನ ಮಾತು ಹೇಳ್ತಿ?"

"ನಾ ಕಂಡದ್ದು ಹೇಳ್ತೀನ್ರಿ ಸಾಹೇಬ್ರ."

"ಹಕ್ಕಿ ಕೊಟ್ಟಾಕಿ ನೀನ. ಮೊದ್ಲ ಕೇಸು ನಿನ್ನ ಮ್ಯಾಲೆ ಆಗ್ತದ."

"ಆಗಲ್ರಿ. ಬರಕೋರಿ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಮನಿಗೆ ಹೋಗವಾ. ವಯಸ್ಸಾಗೇತಿ," ಎಂದರು.

ಮಗಳನ್ನು ಮನೆಗೆ ಕಳಿಸಿ, ಅಲ್ಲಿಂದಲೇ ಮದರಬಿ ಅಸೂಟಿಯ ಬಸ್ ಹಿಡಿದಳು. ಶೇಖವ್ವ ಬಾಗಿಲಿಗೆ ಅಡ್ಡ ನಿಂತಳು. "ಹೋಗ್ರಿ ಬೀ, ಕೈ ಮುಗೀತೀನಿ. ಕ್ರಷರಿನವರು ಬಂದು ಹೋಗ್ಯಾರ. ನಮ್ಮ ಅಳಿಯ ಅವರ ಲಾರಿ ಹೊಡೀತಾನ. ಕಲ್ಲಿನ ಗುಂಡ್ಯಾಗ ದಿನಾ ಇಳದು ಏರೋನು ಅವನು, ಏನರ ಆದ್ರ ಯಾರನ್ನ ಕೇಳೂಣು?"

ಒಳಗೆ ಹೊರಸಿನ ಮೇಲೆ ಮಲಗಿದ್ದ ಅಜ್ಜಪ್ಪನ ದನಿ ಬಂತು. "ತಂಗಿ, ನೀ ಹೇಳಿದ್ದು ಖರೆ, ನಾ ಬರಸಿದ್ದು ಸುಳ್ಳು. ಅಲ್ಲಿಗೆ ಬಿಡು. ಬಸ್ ತಪ್ಪತೈತಿ, ಹೋಗು."

ಅದಾದ ಎಂಟನೆಯ ದಿನ ಬೆಳಗ್ಗೆ ಮದರಬಿ ಎದ್ದು ಹಿತ್ತಲಿಗೆ ಹೋದಾಗ ಕೋಳಿ ಶೆಡ್ಡಿನ ಬಾಗಿಲು ತೆರೆದಿತ್ತು. ಹನ್ನೊಂದು ಕೋಳಿಗಳೂ ಅಲ್ಲೇ ಸತ್ತು ಬಿದ್ದಿದ್ದವು, ಕುತ್ತಿಗೆ ತಿರುವಿಸಿಕೊಂಡು, ಒಂದೇ ಸಾಲಿನಲ್ಲಿ, ಎಲ್ಲದರ ತಲೆಯೂ ಮನೆಯ ಬಾಗಿಲ ಕಡೆಗೆ. ಸೈರಾಬಾನು ಹೊಸ್ತಿಲ ಮೇಲೆ ನಿಂತು, "ನಾಯಿ ಹೊಕ್ಕಿರಬೇಕು," ಎಂದಳು. ಅಂದವಳಿಗೂ ಅದರ ಮೇಲೆ ನಂಬಿಕೆ ಇರಲಿಲ್ಲ. ನಾಯಿ ಸಾಲು ಹಚ್ಚಿ ಹೋಗುವುದಿಲ್ಲ.

ಕೋಳಿ ಕೊಳ್ಳಲು ಹೋಗಿ ನರಗುಂದದ ಸಂತೆಯಲ್ಲಿ ಕೂತಿದ್ದಾಗ ಕೊಟ್ರೇಶ ಸಿಕ್ಕ. ಸಿಕ್ಕನೆಂದರೆ, ಹುಡುಕಿಕೊಂಡು ಬಂದ. ಮೊದಲಿನ ಹಾಗೆಯೇ ಕುಕ್ಕರಗಾಲಿನಲ್ಲಿ ಕೂತ. "ನೀವೇನ್ ಚಿಂತಿ ಮಾಡಬ್ಯಾಡ್ರಿ ದೊಡ್ಡವ್ವಾರ. ಇಲ್ಲಿ ಆಟ ನಿಲ್ಲಿಸೀವಿ. ಬ್ಯಾರೆ ಕಡೆ ಜಾಗ ನೋಡೀವಿ, ಹಕ್ಕಿನೂ ಬ್ಯಾರೆ ಜಿಲ್ಲಾದಿಂದ ಬರ್ತಾವು." ಎದ್ದು ಮಣ್ಣು ಕೊಡವಿಕೊಂಡ. "ವಯಸ್ಸಾದವ್ರು, ಒಬ್ಬರ ಬಸ್ಸಿನ್ಯಾಗ ಓಡಾಡ್ತೀರಿ. ಜ್ವಾಕಿ." ಮದರಬಿ ಅವನ ಮುಖವನ್ನೇ ನೋಡಿದಳು.

ಮಾಳಪ್ಪ ಗೋವಾಕ್ಕೆ ಗಾರೆ ಕೆಲಸಕ್ಕೆ ಹೋದ. ಅಜ್ಜಪ್ಪ ಒಂದು ಕಣ್ಣಿನಲ್ಲೇ ಹೊಲಕ್ಕೆ ಹೋಗಿ ಬರುತ್ತಾನೆ. ಸಂತೆ ಬಿಡು ಎಂದು ಸೈರಾಬಾನು ಹೇಳಿ ಹೇಳಿ ಸಾಕಾದಳು. ಮದರಬಿ ಕೋಳಿ ಕೊಂಡು ಮತ್ತೆ ಬುಟ್ಟಿ ತುಂಬಿದಳು. ಪಾರಿವಾಳ ಕೇಳಿ ಬಂದವರಿಗೆ ಇಲ್ಲ ಎನ್ನುತ್ತಾಳೆ, ಲಕ್ವಾ ಹೊಡೆದವರ ಮನೆಯವರಿಗೂ.

ಕಾರ ಹುಣ್ಣಿಮೆಯ ಹಿಂದುಮುಂದಿನ ದಿನ ಅವಳು ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಳು. ಎದುರಿನ ಚಹಾದ ಅಂಗಡಿಯ ಮುಂದೆ ಒಂದು ಟೆಂಪೊ ಬಂದು ನಿಂತಿತು. ಹಿಂದೆಲ್ಲ ಹಸಿರು ತಾಡಪಾಲು ಬಿಗಿದಿತ್ತು. ಚಾಲಕ ಇಳಿದು ಚಹಾ ಕೇಳಿದ. ಇಂಜಿನ್ ನಿಂತ ಮೇಲೆ ತಾಡಪಾಲಿನ ಒಳಗಿನಿಂದ ಸದ್ದು ಬಂತು. ಬೇರೆ ಯಾರ ಕಿವಿಗೂ ಬಿದ್ದ ಹಾಗೆ ಕಾಣಲಿಲ್ಲ. ಮದರಬಿಗೆ ಕೇಳಿಸಿತು: ನೂರಾರು ಪಾರಿವಾಳ, ನೀರು ಕಾಣದೆ ಒಂದು ದಿನವಾದರೂ ಆದ ಗಂಟಲು.

ಠಾಣೆಯಲ್ಲಿ ನಂಬುವುದು ಕಾಗದವನ್ನು; ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಯವ್ವಾ, ಆ ಗಾಡಿ ನಂಬರು ಒಂದು ಚೀಟ್ಯಾಗ ಬರದು ಕೊಡು."

"ಯಾಕ್ರಿ ಅಮ್ಮಾ? ಏನಾತ್ರಿ?"

ಚಾಲಕ ಚಹಾದ ಲೋಟ ಇಟ್ಟು ಟೆಂಪೊದ ಕಡೆ ಹೊರಟಿದ್ದ.

"ಮೊದ್ಲ ಬರಿ," ಎಂದಳು ಮದರಬಿ. "ಲಗೂ."